ತಾಯಿಯ ಬಳುವಳಿ

ಅಮೆರಿಕ ಸಂಯುಕ್ತ ಸಂಸ್ಥಾನದ ಒಕ್ಲಹೋಮ ರಾಜ್ಯದಲ್ಲಿ ಒಕೀಮಾ ಎಂಬುದೊಂದು ಚಿಕ್ಕ ಊರು. 1912ನೆಯ ಇಸವಿಯ ಜುಲೈ 14ರಂದು ಆ ಊರಿನ ಚಾರ್ಲಿ ಗಥ್ರಿ ಮತ್ತು ನೋರಾ ದಂಪತಿಗಳಿಗೆ ಗಂಡುಮಗುವೊಂದು ಹುಟ್ಟಿತು. ಆ ವರ್ಷ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ವುಡ್ರೊ ವಿಲ್ಸನ್ನರ ಹೆಸರನ್ನೇ ಮಗುವಿಗೆ ಇಟ್ಟರು. ಹೆಸರು ಭಾರವಾಯಿತೆಂದೋ ಏನೋ, ಬಳಕೆಯಲ್ಲಿ ಅದು ವುಡಿ ಎಂದಾಯಿತು. ತಂದೆ ಜಮೀನಿನ ವ್ಯವಹಾರದಲ್ಲಿಯೂ ಊರಿನ ರಾಜಕಾರಣದಲ್ಲಿಯೂ ಮುಳುಗಿದವನು. ತಾಯಿಗೆ ಹಾಡೆಂದರೆ ಜೀವ. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಇಳಿದು ಬಂದಿದ್ದ ಹಳೆಯ ಕಥನಗೀತೆಗಳನ್ನು ಆಕೆ ಮನೆಗೆಲಸದ ನಡುವೆ ಹಾಡಿಕೊಳ್ಳುತ್ತಿದ್ದಳು. ಮಗ ಅವನ್ನು ಕೇಳುತ್ತ ಬೆಳೆದ. ಮುಂದೆ ಅದೇ ಹುಡುಗ ಸಾವಿರಕ್ಕೂ ಮಿಕ್ಕಿ ಗೀತೆಗಳನ್ನು ಬರೆದು, ಅಮೆರಿಕದ ಜನಸಾಮಾನ್ಯರ ಕವಿ ಎನ್ನಿಸಿಕೊಂಡ. ಹಾಡು ಅವನಿಗೆ ತಾಯಿಯಿಂದ ಬಂದ ಬಳುವಳಿ. ಆದರೆ ಆಕೆಯಿಂದ ಬಂದ ಬಳುವಳಿ ಅದೊಂದೇ ಆಗಿರಲಿಲ್ಲ.

ವುಡಿ ಚಿಕ್ಕವನಾಗಿದ್ದಾಗಲೇ ತಾಯಿಯ ನಡವಳಿಕೆಯಲ್ಲಿ ಏನೋ ಒಂದು ವ್ಯತ್ಯಾಸ ತಲೆದೋರಿತು. ಶಾಂತಳಾಗಿದ್ದವಳು ಇದ್ದಕ್ಕಿದ್ದಂತೆ ಸಿಡಿದೇಳುವಳು. ಮತ್ತೆ ಗಂಟೆಗಟ್ಟಲೆ ಮಂಕು ಕವಿದವಳಂತೆ ಕುಳಿತುಬಿಡುವಳು. ಹಿಡಿದ ಕೆಲಸ ಅರ್ಧಕ್ಕೆ ನಿಲ್ಲುವುದು. ಮನೆಯ ಅಚ್ಚುಕಟ್ಟು ಕೆಡುವುದು. 1919ರಲ್ಲಿ, ತಾಯಿ ಮಗಳ ನಡುವೆ ಮಾತಿಗೆ ಮಾತು ಬೆಳೆದ ಒಂದು ದಿನ, ಹದಿನಾಲ್ಕು ವರ್ಷದ ಹಿರಿಯ ಮಗಳು ಕ್ಲಾರಾ ಉಡುಪಿಗೆ ಬೆಂಕಿ ಹತ್ತಿ ತೀರಿಕೊಂಡಳು. 1927ರಲ್ಲಿ ಚಾರ್ಲಿಯೂ ಸುಟ್ಟ ಗಾಯಗಳಿಂದ ಹಾಸಿಗೆ ಹಿಡಿದ. ಎರಡು ಸಲವೂ ಊರಿನ ಬೆರಳು ನೋರಾಳ ಕಡೆಗೆ ತಿರುಗಿತು. ನಿಜವಾಗಿ ನಡೆದುದೇನೆಂಬುದನ್ನು ಕಂಡವರು ಯಾರು? ಊರಿಗೆ ಅದು ಬೇಕಾಗಿಯೂ ಇರಲಿಲ್ಲ. ಅದೇ ವರ್ಷ ಆಕೆಯನ್ನು ನಾರ್ಮನ್ ಪಟ್ಟಣದಲ್ಲಿದ್ದ ಸರ್ಕಾರದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಗಂಡ ಚಿಕಿತ್ಸೆಗೆಂದು ಟೆಕ್ಸಾಸಿನಲ್ಲಿದ್ದ ತಂಗಿಯ ಮನೆಗೆ ಹೋದ. ಹದಿನೈದರ ಹೊಸ್ತಿಲಲ್ಲಿದ್ದ ವುಡಿ ಹೆಚ್ಚುಕಡಿಮೆ ಅನಾಥನಂತೆ ಒಕೀಮಾದಲ್ಲಿ ಉಳಿದುಕೊಂಡ. 1930ರಲ್ಲಿ ನೋರಾ ಆ ಆಸ್ಪತ್ರೆಯಲ್ಲಿಯೇ ಕಣ್ಣುಮುಚ್ಚಿದಳು. ಆಕೆಗೆ ತಗುಲಿದ್ದುದು ಹಂಟಿಂಗ್ಟನ್ ವ್ಯಾಧಿ. ಹುಚ್ಚು ಎಂಬ ಒಂದೇ ಮಾತಿನಲ್ಲಿ ಊರು ಮುಗಿಸಿಬಿಟ್ಟ ಆ ಸಂಕಟಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರು ದೊರೆತು ಆಗಲೇ ಅರ್ಧ ಶತಮಾನ ಕಳೆದಿತ್ತು.

ಹೆಸರು ಕೊಟ್ಟವರ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಈಸ್ಟ್ ಹ್ಯಾಂಪ್ಟನ್ ಎಂಬ ಊರಿದೆ. ಅಲ್ಲಿ 1850ರಲ್ಲಿ ಜನಿಸಿದ ಜಾರ್ಜ್ ಹಂಟಿಂಗ್ಟನ್ನರ ಅಜ್ಜನೂ ತಂದೆಯೂ ವೈದ್ಯರಾಗಿದ್ದವರು. ಬಾಲಕ ಜಾರ್ಜ್ ಒಮ್ಮೆ ತಂದೆಯೊಡನೆ ಗಾಡಿಯಲ್ಲಿ ಹೋಗುತ್ತಿದ್ದಾಗ ದಾರಿಯಲ್ಲಿ ಇಬ್ಬರು ಹೆಂಗಸರು ಎದುರಾದರು. ತಾಯಿ, ಮಗಳು; ಇಬ್ಬರದೂ ಎತ್ತರದ ಸೊರಗಿದ ಮೈ. ಇಬ್ಬರೂ ಬಾಗುತ್ತ, ಬಳುಕುತ್ತ, ಮುಖವನ್ನು ತಿರುಚುತ್ತ ನಡೆಯುತ್ತಿದ್ದರು. ತಂದೆ ಗಾಡಿ ನಿಲ್ಲಿಸಿ ಅವರನ್ನು ಮಾತನಾಡಿಸಿದರು. ಆ ದೃಶ್ಯ ಹುಡುಗನ ಮನಸ್ಸಿನಿಂದ ಮಾಸಲಿಲ್ಲ. 1872ರಲ್ಲಿ, ಇಪ್ಪತ್ತೆರಡರ ಹರೆಯದ ಹೊಸ ವೈದ್ಯರಾಗಿ, ಅವರು ಕೋರಿಯ ಎಂಬ ರೋಗಲಕ್ಷಣವನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ಗ್ರೀಕ್ ಮೂಲದ ಆ ಪದಕ್ಕೆ ಕುಣಿತವೆಂದು ಅರ್ಥ. ಅಂಗಾಂಗಗಳು ತಮ್ಮ ಇಚ್ಛೆಯಿಲ್ಲದೆ ಕುಣಿಯುವುದೇ ಆ ಲಕ್ಷಣ. ಲೇಖನದ ಬಹುಭಾಗ ಆಗಲೇ ಎಲ್ಲರಿಗೂ ತಿಳಿದಿದ್ದ ಸಂಗತಿ. ಕೊನೆಗೆ ಮಾತ್ರ, ಸೇರಿಸಿದರೂ ಆದೀತು ಬಿಟ್ಟರೂ ಆದೀತು ಎಂಬಂತೆ, ತಮ್ಮ ಊರಿನ ಕಡೆ ಕೆಲವು ಮನೆತನಗಳಲ್ಲಿ ಮಾತ್ರ ಕಂಡುಬರುವ ಒಂದು ವಿಶೇಷ ಬಗೆಯನ್ನು ಅವರು ವಿವರಿಸಿದರು. ಇಂದು ಅವರ ಹೆಸರು ಉಳಿದಿರುವುದು ಆ ಕೊನೆಯ ಭಾಗದಿಂದಲೇ.

ಹಂಟಿಂಗ್ಟನ್ನರು ಆ ವ್ಯಾಧಿಗೆ ಮೂರು ಗುರುತುಗಳನ್ನು ಹೇಳಿದರು. ಅದು ವಂಶದಲ್ಲಿ ಇಳಿದು ಬರುತ್ತದೆ. ಪ್ರಾಯ ತುಂಬಿದ ಮೇಲೆಯೇ ಅದರ ಉಗ್ರರೂಪ ಕಾಣಿಸಿಕೊಳ್ಳುತ್ತದೆ. ಅದರೊಡನೆ ಬುದ್ಧಿವಿಕಲ್ಪವೂ ಬದುಕನ್ನೇ ಕೊನೆಗಾಣಿಸಿಕೊಳ್ಳುವ ಯೋಚನೆಯೂ ಬೆನ್ನುಹತ್ತಿ ಬರುತ್ತವೆ. ಮೂರು ತಲೆಮಾರಿನ ವೈದ್ಯರು ಒಂದೇ ಊರಿನ ಮನೆಗಳಿಗೆ ಹೋಗಿಬಂದುದರಿಂದ ಮಾತ್ರ ಸಾಧ್ಯವಾದ ಒಳನೋಟವಿದು. ಆದರೂ ಆ ಬಳಿಕ ನೂರು ವರ್ಷಗಳ ಕಾಲ ಲೋಕವೆಲ್ಲ ಕೈಕಾಲುಗಳ ಕುಣಿತವನ್ನೇ ನೋಡುತ್ತ ನಿಂತಿತು. ರೋಗದ ಹೆಸರೇ ಹಂಟಿಂಗ್ಟನ್ ಕೋರಿಯ ಎಂದಾಯಿತು. ಕಣ್ಣಿಗೆ ಬೀಳುವುದು ಮೈಯ ಚಲನೆ. ಮನಸ್ಸಿನೊಳಗೆ ನಡೆಯುವ ಕುಸಿತ ಯಾರ ಕಣ್ಣಿಗೆ ಬೀಳಬೇಕು? ಎಷ್ಟೋ ರೋಗಿಗಳಲ್ಲಿ ಈ ಕುಸಿತ ಕೈಕಾಲುಗಳ ಚಲನೆಗಿಂತ ಕೆಲವು ವರ್ಷ ಮೊದಲೇ ಪ್ರಾರಂಭವಾಗಿರುತ್ತದೆ ಎಂಬುದು ಈಗ ತಿಳಿದಿದೆ. ಕುಣಿತ ಕಾಣಿಸದ ರೋಗಿಗಳೂ ಉಂಟು. ಹಳೆಯ ಹೆಸರನ್ನು ಕೈಬಿಟ್ಟು ಹಂಟಿಂಗ್ಟನ್ ವ್ಯಾಧಿ ಎಂದು ಕರೆಯತೊಡಗಿದುದಕ್ಕೆ ಇದೇ ಕಾರಣ.

ಮೆದುಳಿನ ಆಳದಲ್ಲಿ ಸ್ಟ್ರಯೇಟಮ್ ಎಂಬ ಭಾಗವೊಂದಿದೆ. ಈ ವ್ಯಾಧಿಯಲ್ಲಿ ಮೊದಲು ಸಾಯತೊಡಗುವುದು ಅಲ್ಲಿನ ನರಕೋಶಗಳು. ಚಲನೆಯನ್ನು ಹದಗೊಳಿಸುವುದು ಅವುಗಳ ಒಂದು ಕೆಲಸ. ಅದಲ್ಲದೆ ಹಣೆಯ ಹಿಂಬದಿಯಲ್ಲಿರುವ ಮುಂಮೆದುಳಿನೊಡನೆ ಅವುಗಳಿಗೆ ನಿಕಟವಾದ ಸಂಪರ್ಕವಿದೆ. ಮುಂದೆ ಮಾಡಬೇಕಾದುದನ್ನು ಯೋಚಿಸುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಗಮನವನ್ನು ತಿರುಗಿಸುವುದು, ಬಾಯಿಗೆ ಬಂದ ಮಾತನ್ನು ತಡೆದುಕೊಳ್ಳುವುದು, ಇವೆಲ್ಲ ಈ ಸಂಪರ್ಕದ ಬಲದಿಂದ ನಡೆಯುತ್ತವೆ. ಗೃಹಿಣಿಯೊಬ್ಬಳು ಒಲೆಯ ಮೇಲೆ ಹಾಲಿಟ್ಟು, ಮಗುವಿನ ತಲೆ ಬಾಚಿ, ನಡುವೆ ಬಾಗಿಲಿಗೆ ಬಂದವರಿಗೆ ಉತ್ತರ ಕೊಟ್ಟು, ಹಾಲು ಉಕ್ಕುವ ಮುನ್ನ ಒಲೆಯ ಬಳಿಗೆ ಮರಳುತ್ತಾಳೆ. ಇದರಲ್ಲೇನು ಹೆಚ್ಚುಗಾರಿಕೆ ಎಂದು ನಾವೆನ್ನುತ್ತೇವೆ. ಈ ವ್ಯಾಧಿ ಹೊಕ್ಕ ಮನೆಯಲ್ಲಿ ಮೊದಲು ತಪ್ಪುವುದು ಇಂಥ ಲೆಕ್ಕವೇ. ಹಾಲು ಉಕ್ಕುತ್ತದೆ, ಮಗು ಅರ್ಧ ಬಾಚಿದ ತಲೆಯಲ್ಲಿ ಕುಳಿತಿರುತ್ತದೆ, ಬಾಗಿಲಿಗೆ ಬಂದವರು ಬೈಗುಳ ಕೇಳಿಕೊಂಡು ಹೋಗುತ್ತಾರೆ. ಸೋಮಾರಿತನ, ಅಲಕ್ಷ್ಯ, ಗಯ್ಯಾಳಿತನ ಎಂದು ಹೆಸರಿಡುವುದಕ್ಕೆ ನೆರೆಹೊರೆ ಕಾದಿರುತ್ತದೆ.

ಮುಪ್ಪಿನಲ್ಲಿ ಬರುವ ಮರೆವಿಗೂ ಇದಕ್ಕೂ ಭೇದವಿದೆ. ಇಲ್ಲಿ ನೆನಪು ಪೂರ್ತಿಯಾಗಿ ಅಳಿಸಿಹೋಗುವುದಕ್ಕಿಂತ ಹೆಚ್ಚಾಗಿ, ಬೇಕೆಂದಾಗ ಕೈಗೆ ಸಿಗದಾಗುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಹೊಳೆಯುವುದು ತಡ. ಆದರೆ ಸುಳಿವು ಕೊಟ್ಟರೆ ಗುರುತು ಹತ್ತುತ್ತದೆ. ತನ್ನವರು ಯಾರು, ಎದುರಿನಲ್ಲಿ ಆಡುತ್ತಿರುವ ಮಾತೇನು ಎಂಬ ಅರಿವು ಬಹುಕಾಲ ಉಳಿದಿರುತ್ತದೆ. ಇದರೊಡನೆ ಇನ್ನೊಂದು ವಿಚಿತ್ರವೂ ಉಂಟು. ಎದುರಿಗಿರುವವರ ಮುಖದಲ್ಲಿ ಮೂಡಿದ ಕೋಪವನ್ನೋ ಜುಗುಪ್ಸೆಯನ್ನೋ ಓದುವ ಶಕ್ತಿ ಕುಂದುತ್ತದೆ. ಹೆಂಡತಿ ನೊಂದಿದ್ದಾಳೆಂಬುದು ಗಂಡನಿಗೆ ತಿಳಿಯದೆ ಹೋದಾಗ ಅವನನ್ನು ಕಲ್ಲೆದೆಯವನೆಂದು ಯಾರು ತಾನೆ ಭಾವಿಸುವುದಿಲ್ಲ? ಅಷ್ಟಕ್ಕೂ ತನ್ನಲ್ಲಿ ಬದಲಾವಣೆಯಾಗಿದೆ ಎಂಬುದೇ ರೋಗಿಗೆ ಅನೇಕ ವೇಳೆ ಗೊತ್ತಾಗುವುದಿಲ್ಲ. ಅದು ಹಟವಲ್ಲ, ಕಪಟವೂ ಅಲ್ಲ. ತನ್ನನ್ನು ತಾನು ನೋಡಿಕೊಳ್ಳುವ ಕನ್ನಡಿಗೇ ಮಂಜು ಕವಿದಿರುತ್ತದೆ.

ಮನಸ್ಸಿನ ಮೇಲಾಗುವ ಪರಿಣಾಮಗಳಲ್ಲಿ ಖಿನ್ನತೆ ಮುಖ್ಯವಾದುದು. ಕೆಟ್ಟ ಸುದ್ದಿ ಕೇಳಿದವನಿಗೆ ದುಃಖವಾಗುವುದು ಸಹಜವೆಂದು ಇದನ್ನು ತಳ್ಳಿಹಾಕುವಂತಿಲ್ಲ. ರೋಗ ತಗುಲಿದೆಯೆಂದು ತಿಳಿಯುವ ಮುನ್ನವೇ ಖಿನ್ನತೆ ಬಂದಿರಬಹುದು. ಅದೂ ಮೆದುಳಿನಲ್ಲಿ ನಡೆಯುವ ಕೆಲಸವೇ. ಕ್ಷಣದಲ್ಲಿ ಹೊತ್ತಿಕೊಳ್ಳುವ ಕೋಪ ಇನ್ನೊಂದು. ಒಂದೇ ಯೋಚನೆಗೆ ಗಾಣದ ಎತ್ತಿನಂತೆ ಸುತ್ತುಹಾಕುವುದು ಮತ್ತೊಂದು. ಕೆಲವರಲ್ಲಿ, ಎಲ್ಲರಲ್ಲಿ ಅಲ್ಲ, ಭ್ರಮೆಗಳೂ ಕಾಣಿಸುತ್ತವೆ. ಆದರೆ ಮನೆಯವರನ್ನು ಹೆಚ್ಚು ಬಳಲಿಸುವುದು ಬಹುಶಃ ಇವಾವುವೂ ಅಲ್ಲ, ನಿರಾಸಕ್ತಿ. ಯಾವುದೂ ಬೇಡ, ಯಾರೂ ಬೇಡ ಎಂಬಂತೆ ಸುಮ್ಮನೆ ಕುಳಿತುಬಿಡುವ ಆ ಸ್ಥಿತಿ ರೋಗದೊಡನೆ ಬೆಳೆಯುತ್ತಲೇ ಹೋಗುತ್ತದೆ. ಖಿನ್ನತೆಗೆ ಔಷಧಿಯುಂಟು, ಕೋಪಕ್ಕೂ ಉಂಟು. ನಿರಾಸಕ್ತಿಗೆ ಮಾತ್ರ ಒಳ್ಳೆಯ ಮದ್ದು ದೊರೆತಿಲ್ಲ.

ವುಡಿ ಗಥ್ರಿಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚಾಗಿತ್ತು. ಅವನು ಮೊದಲಿನಿಂದಲೂ ನಿಂತಲ್ಲಿ ನಿಲ್ಲದ ಮನುಷ್ಯ. 1930ರ ದಶಕದಲ್ಲಿ ಧೂಳಿನ ಬಿರುಗಾಳಿಗೆ ಸಿಕ್ಕಿ ಹೊಲಮನೆಗಳನ್ನು ಕಳೆದುಕೊಂಡ ರೈತರು ಪಶ್ಚಿಮಕ್ಕೆ ಗುಳೆಹೊರಟಾಗ, ಅವನೂ ಟೆಕ್ಸಾಸಿನಿಂದ ಕ್ಯಾಲಿಫೋರ್ನಿಯಕ್ಕೆ ಹೋದ. ಹೆಗಲಿಗೆ ಗಿಟಾರು, ಮಲಗಲು ಸಿಕ್ಕ ಜಾಗ, ಉಣ್ಣಲು ಸಿಕ್ಕ ಊಟ. ‘ಈ ನಾಡು ನಿನ್ನ ನಾಡು’ ಎಂಬರ್ಥದ ಅವನ ಪ್ರಸಿದ್ಧ ಗೀತೆ ಹುಟ್ಟಿದುದು 1940ರಲ್ಲಿ. ಆತ್ಮಕಥೆ ಹೊರಬಂದುದು 1943ರಲ್ಲಿ. ಹೇಳದೆ ಕೇಳದೆ ಮನೆ ಬಿಟ್ಟು ಹೋಗುವುದು, ಕುಡಿಯುವುದು, ಹಣವನ್ನು ಲೆಕ್ಕಿಸದಿರುವುದು, ಕಾಗದ ಸಿಕ್ಕಿದರೆ ರಾತ್ರಿಯೆಲ್ಲ ಬರೆಯುವುದು, ಇವೆಲ್ಲ ಅವನ ಸ್ವಭಾವವೆಂದೇ ಗೆಳೆಯರು ನಗುತ್ತಿದ್ದರು. 1940ರ ದಶಕದ ಕೊನೆಯ ವರ್ಷಗಳಲ್ಲಿ ಆ ಸ್ವಭಾವ ಮಿತಿಮೀರತೊಡಗಿದಾಗಲೂ ಅವರಿಗೆ ಅದು ಹಳೆಯ ವುಡಿಯಾಗಿಯೇ ತೋರಿತು. ಸಾಧುವಾದ ಮನುಷ್ಯ ಒಂದು ದಿನ ಬೀದಿಯಲ್ಲಿ ಕೂಗಾಡಿದರೆ ಜನ ತಿರುಗಿ ನೋಡುತ್ತಾರೆ. ಅಲೆಮಾರಿ ಇನ್ನೂ ಸ್ವಲ್ಪ ಅಲೆದರೆ ಯಾರು ನೋಡುತ್ತಾರೆ?

ನೋಡಿದವಳು ಹೆಂಡತಿ ಮಾರ್ಜೊರಿ. ಪ್ರಸಿದ್ಧ ಕಲಾವಿದೆ ಮಾರ್ತಾ ಗ್ರಹಾಮ್‌ಳ ತಂಡದಲ್ಲಿದ್ದ ನರ್ತಕಿ ಆಕೆ. 1945ರಲ್ಲಿ ವುಡಿಯನ್ನು ಮದುವೆಯಾಗಿದ್ದಳು. ಕುಣಿತದ ಹೆಸರಿನ ರೋಗ ನರ್ತಕಿಯ ಮನೆಗೇ ಬಂದುದು ವಿಧಿಯ ಕುಹಕವೆನ್ನಬೇಕು. 1947ರಲ್ಲಿ ಅವರ ಮೊದಲ ಮಗಳು, ನಾಲ್ಕು ವರ್ಷದ ಕ್ಯಾಥಿ, ಬೆಂಕಿಯ ಅಪಘಾತದಲ್ಲಿ ತೀರಿಕೊಂಡಳು. ತಂದೆಯ ಮನಸ್ಸು ಕದಡಿದುದು ಆ ದುಃಖದಿಂದಲೇ ಎಂದು ನಂಬಲು ಯಾರಿಗೂ ಅಡ್ಡಿಯಿರಲಿಲ್ಲ. ದಿನ ಕಳೆದಂತೆ ಅವನ ಸಿಟ್ಟು ಮನೆಯವರನ್ನು ಹೆದರಿಸತೊಡಗಿತು. 1952ರಲ್ಲಿ ಒಂದು ದಿನ ಅದು ಕೈಮೀರಿತು. ಪುಟ್ಟ ಮಕ್ಕಳ ಕ್ಷೇಮಕ್ಕಾಗಿ ಮಾರ್ಜೊರಿ ಅವನನ್ನು ದೂರವಿಡಬೇಕಾಯಿತು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅವನ ಅಲೆದಾಟ ಆರಂಭವಾಯಿತು. ಒಬ್ಬರು ಕುಡಿತದ ಚಟವೆಂದರು. ಇನ್ನೊಬ್ಬರು ಸ್ಕಿಜೊಫ್ರೀನಿಯ ಎಂದರು. ಅದೇ ವರ್ಷ ಬ್ರೂಕ್ಲಿನ್ನಿನ ಸರ್ಕಾರಿ ಆಸ್ಪತ್ರೆಯಲ್ಲಿ ಸರಿಯಾದ ಹೆಸರು ಹೊರಬಿತ್ತು. ಆಗ ಅವನಿಗೆ ನಲವತ್ತು ವರ್ಷ. ಇಪ್ಪತ್ತೆರಡು ವರ್ಷಗಳ ಹಿಂದೆ ನಾರ್ಮನ್ನಿನಲ್ಲಿ ಸತ್ತ ನೋರಾಳ ಮೇಲಿನ ಆರೋಪಪಟ್ಟಿಯನ್ನು ಆ ದಿನ ಯಾರಾದರೂ ತೆಗೆದು ಓದಿದ್ದರೆ, ಅದರಲ್ಲಿ ಬಹಳಷ್ಟನ್ನು ಹೊಡೆದುಹಾಕಬೇಕಾಗುತ್ತಿತ್ತು.

1956ರಲ್ಲಿ ನ್ಯೂಜೆರ್ಸಿಯಲ್ಲಿ ಗೊತ್ತುಗುರಿಯಿಲ್ಲದೆ ತಿರುಗುತ್ತಿದ್ದ ವುಡಿಯನ್ನು ಪೊಲೀಸರು ಹಿಡಿದು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಅವನು ಕಳೆದುದು ಐದು ವರ್ಷ. ತಾನು ಪುಸ್ತಕ ಬರೆದಿರುವುದಾಗಿಯೂ ನೂರಾರು ಹಾಡು ಕಟ್ಟಿರುವುದಾಗಿಯೂ ಈ ರೋಗಿ ಹೇಳಿಕೊಂಡಾಗ, ಪಾಪ, ಎಂಥ ಭ್ರಮೆ ಎಂದು ವೈದ್ಯರೊಬ್ಬರು ಮರುಗಿದರಂತೆ! ಕುಟುಂಬದವರು ಇದನ್ನು ನಗುತ್ತ ಹೇಳುವುದುಂಟು. ಆದರೆ ಒಮ್ಮೆ ಹುಚ್ಚನೆಂಬ ಚೀಟಿ ಅಂಟಿದ ಮೇಲೆ ಮನುಷ್ಯ ಆಡುವ ಸತ್ಯಕ್ಕೂ ಬೆಲೆಯಿಲ್ಲದೆ ಹೋಗುತ್ತದೆಂಬುದು ನಗುವ ವಿಷಯವಲ್ಲ. 1961ರಲ್ಲಿ ಬಾಬ್ ಡಿಲನ್ ಎಂಬ ಹತ್ತೊಂಬತ್ತರ ಹರೆಯದ ಗಾಯಕ ಅವನನ್ನು ಹುಡುಕಿಕೊಂಡು ಬಂದು, ಅವನ ಹಾಡುಗಳನ್ನೇ ಅವನೆದುರು ಹಾಡಿದ. ಕೈ ಗಿಟಾರನ್ನು ಹಿಡಿಯಲಾರದು. ಕಿವಿ ಹಾಡನ್ನು ಬಿಟ್ಟಿರಲಿಲ್ಲ.

ವಿಚ್ಛೇದನವಾಗಿದ್ದರೂ ಮಾರ್ಜೊರಿ ಅವನ ಕೈಬಿಡಲಿಲ್ಲ. ಮಾತು ತೊದಲಿ, ತೊದಲು ನಿಂತು, ಕಡೆಗೆ ಶಬ್ದವೇ ಇಲ್ಲವಾದಾಗ ಆಕೆ ಎರಡು ಚೀಟಿಗಳನ್ನು ಮಾಡಿದಳು. ಒಂದರಲ್ಲಿ ‘ಹೌದು’, ಇನ್ನೊಂದರಲ್ಲಿ ‘ಇಲ್ಲ’. ಪ್ರಶ್ನೆ ಕೇಳುವುದು, ಚೀಟಿಗಳನ್ನು ಮುಂದೆ ಹಿಡಿಯುವುದು, ಕೈ ಯಾವ ಕಡೆಗೆ ಹೊರಳುವುದೋ ಎಂದು ಕಾಯುವುದು. ಕೈಯೂ ಸೋತ ಮೇಲೆ ಕಣ್ಣಿನ ರೆಪ್ಪೆಯ ಆಟವೇ ಉತ್ತರವಾಯಿತು. ಒಮ್ಮೆಗೆ ಒಂದೇ ಪ್ರಶ್ನೆ ಕೇಳಿ, ‘ಏನು ಬೇಕು’ ಎನ್ನದೆ ‘ಇದು ಬೇಕೇ’ ಎನ್ನಿ, ಉತ್ತರಕ್ಕೆ ಅವಸರ ಮಾಡಬೇಡಿ, ದಿನಚರಿಯನ್ನು ಬದಲಿಸಬೇಡಿ ಎಂದು ಇಂದಿನ ತಜ್ಞರು ಮನೆಯವರಿಗೆ ತಿಳಿಸುತ್ತಾರೆ. ಅದರಲ್ಲಿ ಬಹುಭಾಗವನ್ನು ಆ ನರ್ತಕಿ ಯಾರೂ ಹೇಳಿಕೊಡದೆ ಕಂಡುಕೊಂಡಿದ್ದಳು. 1967ರ ಅಕ್ಟೋಬರ್ 3ರಂದು ವುಡಿ ತೀರಿಕೊಂಡ. ಅದೇ ವರ್ಷ ಮಾರ್ಜೊರಿ ಈ ವ್ಯಾಧಿಯ ಕುಟುಂಬಗಳನ್ನು ಒಂದುಗೂಡಿಸಲು ಸಂಘವೊಂದನ್ನು ಸ್ಥಾಪಿಸಿದಳು. ಕುಲಕ್ಕೆ ಕಳಂಕವೆಂದು ಬಚ್ಚಿಟ್ಟುಕೊಂಡಿದ್ದ ಮನೆಗಳು ಒಂದೊಂದಾಗಿ ಬಾಗಿಲು ತೆರೆದವು.

ಆ ಬಾಗಿಲುಗಳ ಹಿಂದೆ ಎಂಥ ಕಥೆಗಳಿದ್ದವೆಂಬುದಕ್ಕೆ ಒಂದನ್ನು ಹೇಳಿದರೆ ಸಾಕು. 1968ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಲಿಯನೋರ್ ವೆಕ್ಸ್ಲರ್ ಎಂಬ ಮಹಿಳೆ ಬೆಳಗಿನ ಹೊತ್ತು ರಸ್ತೆ ದಾಟುತ್ತಿದ್ದಳು. ಹೆಜ್ಜೆ ಓಲಾಡುತ್ತಿದ್ದುದನ್ನು ಕಂಡ ಪೊಲೀಸಿನವನು, ಇಷ್ಟು ಬೇಗ ಕುಡಿದಿರುವೆಯಲ್ಲ, ನಾಚಿಕೆಯಾಗುವುದಿಲ್ಲವೇ ಎಂದು ಗದರಿಸಿದ. ಆಕೆ ಕುಡಿದಿರಲಿಲ್ಲ. ಆಕೆಯ ತಂದೆಯನ್ನೂ ಮೂವರು ಸೋದರರನ್ನೂ ಬಲಿ ತೆಗೆದುಕೊಂಡಿದ್ದ ವ್ಯಾಧಿ ಈಗ ಆಕೆಗೆ ಬಂದಿತ್ತು. ಗಂಡಸರಿಗೆ ಮಾತ್ರ ಅದು ಬರುತ್ತದೆಂದು ಆಕೆ ಚಿಕ್ಕಂದಿನಲ್ಲಿ ಕೇಳಿ ನಂಬಿದ್ದಳು. ಆಕೆಯ ಮಗಳು ನ್ಯಾನ್ಸಿ ವೆಕ್ಸ್ಲರ್ ಮನಶ್ಶಾಸ್ತ್ರವನ್ನು ಓದಿ, ತನ್ನ ಬಾಳನ್ನು ಈ ರೋಗದ ಶೋಧಕ್ಕೇ ಕೊಟ್ಟಳು. ವೆನಿಜುವೆಲಾದ ಮಾರಕೈಬೊ ಸರೋವರದ ದಡದ ಬೆಸ್ತರ ಹಳ್ಳಿಗಳಲ್ಲಿ ಈ ವ್ಯಾಧಿ ಮನೆಮನೆಯಲ್ಲೂ ಇತ್ತು. 1981ರಿಂದ ವರ್ಷ ವರ್ಷವೂ ತಂಡವನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿ ಆಕೆ ವಂಶವೃಕ್ಷಗಳನ್ನು ಬರೆದಳು, ರಕ್ತದ ಮಾದರಿಗಳನ್ನು ತಂದಳು. 1983ರಲ್ಲಿ ರೋಗದ ನೆಲೆ 4ನೆಯ ವರ್ಣತಂತುವೆಂದು ಗೊತ್ತಾಯಿತು. 1993ರಲ್ಲಿ ಜೀನ್ ಕೈಗೆ ಸಿಕ್ಕಿತು.

ಓಲೆಗರಿಯನ್ನು ಪ್ರತಿಮಾಡುವ ಲಿಪಿಕಾರ ಒಂದೇ ಪದವನ್ನು ಮರೆತು ಮರೆತು ಮತ್ತೆ ಬರೆದನೆಂದು ಊಹಿಸೋಣ. ಈ ಜೀನಿನಲ್ಲಿ ಆಗಿರುವುದೂ ಅಷ್ಟೇ. ಸಿ-ಎ-ಜಿ ಎಂಬ ಮೂರಕ್ಷರದ ತುಣುಕು ಎಲ್ಲರಲ್ಲೂ ಕೆಲವು ಸಲ ಮರುಕಳಿಸುತ್ತದೆ. ಮರುಕಳಿಕೆ 40ನ್ನು ಮುಟ್ಟಿತೆಂದರೆ, ಆ ವ್ಯಕ್ತಿ ಸಾಮಾನ್ಯ ಆಯುಸ್ಸು ಬದುಕಿದಲ್ಲಿ, ರೋಗ ತಪ್ಪುವುದಿಲ್ಲ. ಬಹುಪಾಲು ಜನರಲ್ಲಿ ಅದು ಮೂವತ್ತರಿಂದ ಐವತ್ತರ ನಡುವೆ, ಅಂದರೆ ಮದುವೆಯಾಗಿ ಮಕ್ಕಳಾದ ಮೇಲೆ, ತಲೆಯೆತ್ತುತ್ತದೆ. ತಂದೆಗಾಗಲಿ ತಾಯಿಗಾಗಲಿ ಇದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ, ನಾಣ್ಯವನ್ನು ಚಿಮ್ಮಿದಂತೆ. ರಕ್ತಪರೀಕ್ಷೆಯಿಂದ ಮೊದಲೇ ತಿಳಿದುಕೊಳ್ಳಬಹುದು. ರೋಗವನ್ನು ಬುಡಸಹಿತ ಕೀಳುವ ಔಷಧಿಯಿನ್ನೂ ಬಳಕೆಗೆ ಬಂದಿಲ್ಲ. ಹಾಗಿರುವಾಗ ತಿಳಿದುಕೊಳ್ಳುವುದು ಲೇಸೋ, ತಿಳಿಯದಿರುವುದು ಲೇಸೋ? ಬಹಳ ಮಂದಿ ಪರೀಕ್ಷೆಯನ್ನೇ ಬೇಡವೆನ್ನುತ್ತಾರೆ. ಅವರನ್ನು ಹೇಡಿಗಳೆನ್ನುವುದು ಸುಲಭ; ಕೈ ತಪ್ಪಿ ಲೋಟ ಬಿದ್ದಾಗಲೆಲ್ಲ, ಒಂದು ಹೆಸರು ಮರೆತಾಗಲೆಲ್ಲ, ಮಗನ ಮೇಲೆ ರೇಗಿದಾಗಲೆಲ್ಲ, ಇದೇ ಮೊದಲೇ ಎಂದು ಬೆಚ್ಚುತ್ತ ಬದುಕಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ಜೀನನ್ನು ಹುಡುಕಿಸಿದ ನ್ಯಾನ್ಸಿಯೇ ತನ್ನ ವಿಷಯವನ್ನು ದೀರ್ಘಕಾಲ ಬಹಿರಂಗಪಡಿಸಲಿಲ್ಲ. ತನಗೂ ಅದೇ ವ್ಯಾಧಿಯಿದೆಯೆಂದು ಆಕೆ 2020ರಲ್ಲಿ ಲೋಕಕ್ಕೆ ತಿಳಿಸಿದಳು.

ವುಡಿಯ ಮಕ್ಕಳಲ್ಲಿಯೂ ನಾಣ್ಯ ಎರಡು ಬಗೆಯಾಗಿ ಬಿತ್ತು. ಮೊದಲ ಹೆಂಡತಿಯ ಇಬ್ಬರು ಹೆಣ್ಣುಮಕ್ಕಳು ನಲವತ್ತೊಂದನೆಯ ವಯಸ್ಸಿನಲ್ಲಿ ಇದೇ ವ್ಯಾಧಿಯಿಂದ ತೀರಿಕೊಂಡರು. ಮಾರ್ಜೊರಿಯ ಮೂವರು ಮಕ್ಕಳು, ಗಾಯಕ ಆರ್ಲೊ ಅವರಲ್ಲೊಬ್ಬ, ಅದರಿಂದ ಪಾರಾದರು. ಮೂವರಲ್ಲಿ ಕಿರಿಯವಳು 1950ರ ಜನವರಿಯಲ್ಲಿ, ರೋಗದ ಹೆಸರು ತಂದೆಗೆ ಇನ್ನೂ ತಿಳಿಯದಿದ್ದಾಗ, ಹುಟ್ಟಿದವಳು. ಆ ಮಗಳ ಹೆಸರು ನೋರಾ. ಒಕೀಮಾದ ಜನ ಹುಚ್ಚಿಯೆಂದು ಕರೆದವಳ ಹೆಸರು. ಈ ನೋರಾ ಬೆಳೆದು ದೊಡ್ಡವಳಾಗಿ, ತಂದೆಯ ಹಾಳೆಗಳನ್ನೆಲ್ಲ ಕೂಡಿಟ್ಟು ಕಾಪಾಡಿದಳು. ಆಸ್ಪತ್ರೆಯ ದಿನಗಳ ಸೊಟ್ಟಕ್ಷರದ ಕಾಗದಗಳೂ ಅವುಗಳಲ್ಲಿದ್ದವು. 2013ರಲ್ಲಿ ಟಲ್ಸಾ ನಗರದಲ್ಲಿ ಅವುಗಳಿಗಾಗಿ ಒಂದು ಭವನ ತೆರೆಯಿತು. ಆ ನಗರವಿರುವುದು ಒಕ್ಲಹೋಮದಲ್ಲಿಯೇ.